ಸ್ಟೇಜ್ ಏರುವ ವಾರ: ಉಪ್ಪು, ನೀರು ಯಾರಿಗೆ ಎಷ್ಟು?

ಬಾಡಿಬಿಲ್ಡಿಂಗ್ ಸ್ಪರ್ಧೆಗಳ ಸೀಸನ್ ಶುರುವಾಯಿತೆಂದರೆ ಡೊಂಬಿವಿಲಿ, ಥಾಣೆ, ಭಾಂಡುಪ್ ಕಡೆಯ ನಮ್ಮ ಹುಡುಗರಿಂದ ಬರುವ ಪ್ರಶ್ನೆ ಒಂದೇ. “ಭಾನುವಾರ ಸ್ಪರ್ಧೆ. ಜಿಮ್ಮಿನ ಸೀನಿಯರ್ ಬುಧವಾರದಿಂದಲೇ ಉಪ್ಪು ಬಿಡು ಅಂತಾರೆ. ರೂಮ್‌ಮೇಟ್ ದಿನಕ್ಕೆ 8 ಲೀಟರ್ ನೀರು ಕುಡಿ, ಶನಿವಾರ ಪೂರ್ತಿ ನಿಲ್ಲಿಸು ಅಂತಾನೆ. ಯೂಟ್ಯೂಬ್ ನೋಡಿದರೆ ಸ್ಟೇಜಿಗೆ ಹೋಗುವ ಮುಂಚೆ ಉಪ್ಪು ತಿನ್ನು ಅಂತಿದ್ದಾರೆ. ಯಾರ ಮಾತು ಕೇಳಲಿ?” ಪಿಂಪ್ರಿ-ಚಿಂಚ್‌ವಡದಿಂದ ಕೇಳುವವರದ್ದೂ ಇದೇ ಗೊಂದಲ, ವಾಸ್ಕೊ, ಝುವಾರಿನಗರದವರದ್ದೂ ಇದೇ. ಹೋಟೆಲ್ ಕೆಲಸವೋ ಸೆಕ್ಯುರಿಟಿ ಡ್ಯೂಟಿಯೋ ಮುಗಿಸಿ ರಾತ್ರಿ ಹತ್ತರ ಮೇಲೆ ಕಬ್ಬಿಣ ಎತ್ತುವ ಹುಡುಗ ಮೂರು-ನಾಲ್ಕು ತಿಂಗಳು ಬಾಯಿ ಕಟ್ಟಿರುತ್ತಾನೆ. ಕೊನೆಯ ನಾಲ್ಕು ದಿನ ಯಾರದೋ ಮಾತು ಕೇಳಿ ಅಷ್ಟೂ ಶ್ರಮವನ್ನು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಮಾಡಿಕೊಳ್ಳುವುದನ್ನು ನೋಡಿದರೆ ಸಂಕಟವಾಗುತ್ತದೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಚರ್ಮದಡಿಯ ನೀರು ಕಡಿಮೆಯಾಗಿ ಸ್ನಾಯು ಎದ್ದು ಕಾಣಲಿ ಎಂಬುದೇ ಇದೆಲ್ಲದರ ಉದ್ದೇಶ. ಚಾಲ್ತಿಯಲ್ಲಿರುವ ದಾರಿಗಳು ನಾಲ್ಕು. ಉಪ್ಪು-ನೀರು ಎರಡನ್ನೂ ಕೊನೆಯವರೆಗೂ ಇದ್ದ ಹಾಗೇ ಇಡುವುದು. ಎರಡನ್ನೂ ಇಟ್ಟುಕೊಂಡು, ಅನ್ನ ಹೆಚ್ಚಿಸಿ, ಸ್ಪರ್ಧೆಯ ದಿನ ಮಾತ್ರ ಸಣ್ಣ ಹೊಂದಾಣಿಕೆ ಮಾಡುವುದು. ನೀರನ್ನು ವಿಪರೀತ ಕುಡಿದು ಆಮೇಲೆ ಕಡಿಯುವುದು. ಉಪ್ಪನ್ನು ದಿನಗಟ್ಟಲೆ ಪೂರ್ತಿ ಬಿಡುವುದು. ಐದನೆಯದೊಂದಿದೆ, ನೀರಿಳಿಸುವ ಮಾತ್ರೆ. ಅದರ ಬಗ್ಗೆ ಕೊನೆಗೆ ಹೇಳುತ್ತೇನೆ, ಆದರೆ ಅದನ್ನು ಆಯ್ಕೆಗಳ ಸಾಲಿನಲ್ಲಿ ಸೇರಿಸುವುದಿಲ್ಲ.

ಯಾವುದನ್ನು ಇಟ್ಟು ಅಳೆಯಬೇಕು

ಮೊದಲ ಪ್ರಶ್ನೆ ಎಲ್ಲಕ್ಕಿಂತ ಕಠಿಣ: ಚರ್ಮದಡಿ ಇರುವುದು ನೀರೋ, ಕೊಬ್ಬೋ? ಹೊಟ್ಟೆಯ ಮೇಲ್ಭಾಗದ ನಾಲ್ಕು ಪ್ಯಾಕ್ ನೋಡಿ ತೀರ್ಮಾನಿಸಬೇಡಿ, ಅವು ಎಲ್ಲರಿಗೂ ಬೇಗ ಕಾಣುತ್ತವೆ. ಸೊಂಟದ ಹಿಂಭಾಗ, ಪೃಷ್ಠ, ತೊಡೆಯ ಹಿಂಭಾಗ ನೋಡಿ. ಸೊಂಟದ ಹಿಂದೆ ಬೆರಳಲ್ಲಿ ಹಿಡಿದರೆ ದಪ್ಪ ಮಡಿಕೆ ಸಿಗುತ್ತಿದ್ದರೆ ಅದು ಕೊಬ್ಬು. ಅದನ್ನು ಯಾವ ನೀರಿನ ತಂತ್ರವೂ ಇಳಿಸುವುದಿಲ್ಲ. “ಸರ್, ಸ್ವಲ್ಪ ವಾಟರ್ ಹಿಡಿದಿದೆ ಅಷ್ಟೇ” ಎಂದು ಫೋಟೊ ಕಳಿಸುವವರಲ್ಲಿ ಹೆಚ್ಚಿನವರು ಹಿಡಿದಿಟ್ಟಿರುವುದು ಇನ್ನೂ ಎರಡು-ಮೂರು ಕಿಲೊ ಕೊಬ್ಬು. ಅವರಿಗೆ ಬೇಕಾಗಿರುವುದು ಇನ್ನೂ ಒಂದು ತಿಂಗಳ ಡಯಟ್.

ಎರಡನೆಯದು, ನಿಮ್ಮ ವಿಭಾಗ. ಬಾಡಿಬಿಲ್ಡಿಂಗ್‌ನಲ್ಲಿ 55, 60, 65, 70 ಕಿಲೊ ಎಂದು ತೂಕದ ಮೇಲೆ ಗುಂಪು ಮಾಡುತ್ತಾರೆ. ಮೆನ್ಸ್ ಫಿಸಿಕ್ ಎಂಬ ಇನ್ನೊಂದು ವಿಭಾಗದಲ್ಲಿ ಎತ್ತರದ ಮೇಲೆ. ಎತ್ತರದ ವಿಭಾಗದಲ್ಲಿ ನಿಲ್ಲುವವನಿಗೆ ತೂಕ ಇಳಿಸುವ ಒತ್ತಡವೇ ಇಲ್ಲ. ಆದರೂ ಪಕ್ಕದವ ನೀರು ಬಿಟ್ಟನೆಂದು ತಾನೂ ಬಿಡುವವರಿದ್ದಾರೆ.

ಮೂರನೆಯದು, ಗಡಿಯಾರ. ತೂಕ ನೋಡಿದ ಮೇಲೆ ಸ್ಟೇಜ್ ಏರಲು ಎಷ್ಟು ಹೊತ್ತು, ಆ ಹೊತ್ತನ್ನು ನಂಬಬಹುದೇ? ಮುಂಬೈಯ ಸ್ಥಳೀಯ ಸ್ಪರ್ಧೆಗಳು ಎಷ್ಟೋ ಕಡೆ ಮೈದಾನದ ಮಂಟಪದಲ್ಲಿ ನಡೆಯುತ್ತವೆ. ಮಧ್ಯಾಹ್ನ ತೂಕ, ಸಂಜೆ ಏಳಕ್ಕೆ ಆರಂಭ ಎಂದು ಬೋರ್ಡಿನಲ್ಲಿರುತ್ತದೆ. ಅತಿಥಿಗಳು ಬರಬೇಕು, ಹಾರ-ಶಾಲು ಆಗಬೇಕು, ಭಾಷಣ ಮುಗಿಯಬೇಕು. 70 ಕಿಲೊ ಗುಂಪನ್ನು ಕರೆಯುವಾಗ ರಾತ್ರಿ ಹತ್ತೂವರೆ ಆಗಿರಬಹುದು. ಗಂಟೆ ಲೆಕ್ಕ ಹಾಕಿ ಮಾಡುವ ಯಾವ ತಂತ್ರವೂ ಇಲ್ಲಿ ಮೂರು-ನಾಲ್ಕು ಗಂಟೆ ಅತ್ತಿತ್ತ ಆಗುತ್ತದೆ ಎಂದುಕೊಂಡೇ ಹೊರಡಬೇಕು. ನಮ್ಮ ಕಡೆಯ ಸ್ಪರ್ಧಿಗೆ ಇದಕ್ಕಿಂತ ಮುಖ್ಯವಾದ ಅಳತೆ ಇನ್ನೊಂದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ವಿದೇಶದ ಕೋಚ್‌ಗಳ ಚಾರ್ಟ್‌ನಲ್ಲಿ ಇದು ಇರುವುದೇ ಇಲ್ಲ.

ನಾಲ್ಕನೆಯದು, ತಪ್ಪಾದರೆ ಒಂದು ಗಂಟೆಯಲ್ಲಿ ಸರಿಮಾಡಬಹುದೇ? ಐದನೆಯದು, ಮೊದಲೇ ಒಮ್ಮೆ ಮಾಡಿ ನೋಡಿದ್ದೀರಾ? ಖರ್ಚಿನ ಮಾತು ಮುಂದೆ ಬರುತ್ತದೆ.

ಒಳಗೆ ನಡೆಯುವುದೇನು

ದೇಹದ ನೀರಿನಲ್ಲಿ ಸುಮಾರು ಮೂರನೇ ಎರಡು ಭಾಗ ಜೀವಕೋಶಗಳ ಒಳಗಿರುತ್ತದೆ, ಉಳಿದದ್ದು ಹೊರಗೆ. ಹೊರಗಿನ ಪಾಲಿನಲ್ಲಿ ಚರ್ಮದಡಿಯ ದ್ರವವೂ ಇದೆ, ರಕ್ತದ ನೀರೂ ಇದೆ. ನಾವೆಲ್ಲ ಬಯಸುವುದು ಚರ್ಮದಡಿಯದು ಮಾತ್ರ ಹೋಗಬೇಕು, ಸ್ನಾಯು ತುಂಬಿಕೊಂಡೇ ಇರಬೇಕು ಎಂದು. ದೇಹ ಹಾಗೆ ಪಾಲು ಮಾಡಿಕೊಡುವುದಿಲ್ಲ. ನೀರು ಕುಡಿಯುವುದನ್ನು ನಿಲ್ಲಿಸಿದಾಗ ರಕ್ತದಲ್ಲಿ ಸೋಡಿಯಂ ಸಾಂದ್ರತೆ ಏರುತ್ತದೆ. ಅದನ್ನು ಸಮತೂಕಕ್ಕೆ ತರಲು ಜೀವಕೋಶಗಳ ಒಳಗಿನ ನೀರು ಹೊರಬರುತ್ತದೆ. ಸ್ನಾಯುವಿನ ತೂಕದ ಸುಮಾರು ಮುಕ್ಕಾಲು ಪಾಲು ನೀರೇ ಆಗಿರುವುದರಿಂದ, ಅದು ಬಿಟ್ಟುಕೊಟ್ಟಷ್ಟೂ ನೀವು ಚಪ್ಪಟೆಯಾಗಿ ಕಾಣುತ್ತೀರಿ. ಜಿಮ್ಮಿನಲ್ಲಿ ‘ಫ್ಲಾಟ್ ಆಗೋದು’ ಅನ್ನುವುದು ಇದಕ್ಕೇ.

ಉಪ್ಪು ಬಿಟ್ಟರೆ ಬೇರೆ ತಾಪತ್ರಯ. ಒಂದೆರಡು ದಿನದಲ್ಲೇ ಆಲ್ಡೋಸ್ಟೆರಾನ್ ಎಂಬ ಹಾರ್ಮೋನ್ ಏರುತ್ತದೆ, ಮೂತ್ರಪಿಂಡ ಇದ್ದ ಸೋಡಿಯಂ ಅನ್ನು ಬಿಗಿಹಿಡಿಯತೊಡಗುತ್ತದೆ. ಅಷ್ಟರಲ್ಲಿ ರಕ್ತದ ಪ್ರಮಾಣವೂ ಇಳಿದಿರುತ್ತದೆ. ಪಂಪ್ ಅಂದರೆ ಸ್ನಾಯುವಿಗೆ ನುಗ್ಗುವ ರಕ್ತ. ರಕ್ತವೇ ಕಡಿಮೆಯಾದ ಮೇಲೆ ಸ್ಟೇಜಿನ ಹಿಂದೆ ರಬ್ಬರ್ ಬ್ಯಾಂಡ್ ಎಷ್ಟು ಎಳೆದರೂ ನರ ಎದ್ದು ಕಾಣುವುದಿಲ್ಲ.

ಇನ್ನೊಂದು ಸಂಗತಿಯನ್ನು ತುಂಬಾ ಜನ ಮರೆಯುತ್ತಾರೆ. ಅನ್ನ ತಿಂದರೆ ಅದು ಸ್ನಾಯುವಿನಲ್ಲಿ ಗ್ಲೈಕೋಜನ್ ಎಂಬ ಸಂಗ್ರಹವಾಗಿ ಕೂರಬೇಕು. ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು 3 ಗ್ರಾಂ ನೀರು ಸೇರಿಕೊಳ್ಳುತ್ತದೆ, ಸ್ನಾಯು ಉಬ್ಬುವುದು ಹಾಗೆ. ಅನ್ನದಿಂದ ಸಿಗುವ ಗ್ಲೂಕೋಸ್ ಕರುಳಿನಿಂದ ಒಳಗೆ ಬರುವಾಗ ಸೋಡಿಯಂ ಜೊತೆಗೂಡಿ ಬರುತ್ತದೆ. ಭೇದಿಯಾದ ಮಗುವಿಗೆ ಕೊಡುವ ಓಆರ್‌ಎಸ್‌ನಲ್ಲಿ ಸಕ್ಕರೆ, ಉಪ್ಪು ಎರಡನ್ನೂ ಹಾಕಿರುವುದು ಇದೇ ಕಾರಣಕ್ಕೆ. ಅಂದಮೇಲೆ ಉಪ್ಪನ್ನೂ ನೀರನ್ನೂ ತೆಗೆದುಹಾಕಿ ಬರೀ ಸಪ್ಪೆ ಅನ್ನ ತುರುಕಿಕೊಂಡರೆ ಆ ಅನ್ನ ಹೊಟ್ಟೆಯಲ್ಲೇ ಕೂತು ಹೊಟ್ಟೆ ಉಬ್ಬಿಸುತ್ತದೆ.

ಒಂದನೆಯ ದಾರಿ: ಏನನ್ನೂ ಬದಲಿಸದಿರುವುದು

ಕೇಳಲು ಸಪ್ಪೆ, ಮಾಡಲು ಸುಲಭವಲ್ಲ. 70 ಕಿಲೊ ಹುಡುಗ ಸೀಸನ್‌ನಲ್ಲಿ ದಿನಕ್ಕೆ 3ರಿಂದ 4 ಲೀಟರ್ ನೀರು ಕುಡಿಯುತ್ತಿದ್ದರೆ ಕೊನೆಯ ವಾರವೂ ಅಷ್ಟೇ. ಉಪ್ಪೂ ಹಾಗೇ. ಕಷ್ಟ ಇರುವುದು ‘ಹಾಗೇ’ ಅನ್ನುವುದರಲ್ಲಿ. ನೀವು ಇದುವರೆಗೆ ಎಷ್ಟು ಉಪ್ಪು ತಿನ್ನುತ್ತಿದ್ದಿರಿ ಎಂದು ಗೊತ್ತೇ?

ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 390 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಒಂದು ಟೀ ಚಮಚ ಉಪ್ಪು 5–6 ಗ್ರಾಂ. ಸಾಮಾನ್ಯ ಜನರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಎಂದು. ದಿನಾ ಬೆವರು ಹರಿಸುವವರ ಲೆಕ್ಕ ಬೇರೆಯಾಗುತ್ತದೆ. ಆದರೆ ಈ ವಾರಕ್ಕೆ ಬೇಕಾದದ್ದು ಸ್ಥಿರತೆ. ಮೆಸ್ಸಿನ ಊಟ ಮಾಡುವವನಿಗೆ ಅದು ಸಿಗುವುದಿಲ್ಲ. ಸಾಂಬಾರಿನಲ್ಲಿ ಒಂದು ದಿನ ಒಂದು ರುಚಿ, ಇಡ್ಲಿ ಹಿಟ್ಟಿಗೇ ಉಪ್ಪು, ಚಟ್ನಿಗೆ ಬೇರೆ ಉಪ್ಪು, ಮೇಲೆ ಹಪ್ಪಳ, ಉಪ್ಪಿನಕಾಯಿ. ಗೋವಾದಲ್ಲಾದರೆ ಒಣಮೀನು, ಶೊರಿಸೊ ಎಂಬ ಸಾಸೇಜ್. ಪುಣೆಯ ಮಿಸಳ್ ಮೇಲಿನ ಫರ್ಸಾಣ್ ಕೂಡ ಲೆಕ್ಕಕ್ಕೆ ಬರಬೇಕು. ವ್ಹೇ ಪ್ರೊಟೀನ್, ಬ್ರೆಡ್, ಸಾಸ್ ಎಲ್ಲದರಲ್ಲೂ ಸೋಡಿಯಂ ಇದೆ. ಹಾಗಾಗಿ ಕನಿಷ್ಠ ಕೊನೆಯ ಎರಡು ವಾರ ಡಬ್ಬಿ ನೀವೇ ಕಟ್ಟಿಕೊಳ್ಳಬೇಕು. ಇಡೀ ದಿನದ ಉಪ್ಪನ್ನು ಬೆಳಿಗ್ಗೆಯೇ ತೂಗಿ ಸಣ್ಣ ಡಬ್ಬಿಯಲ್ಲಿ ಹಾಕಿಟ್ಟು, ಅಡುಗೆಗೆ ಅದರಿಂದಲೇ ತೆಗೆದು ಬಳಸಿ. ರಾತ್ರಿ ಡಬ್ಬಿ ಖಾಲಿಯಾಗಿರಬೇಕು.

ಈ ದಾರಿಯ ಲಾಭವೆಂದರೆ ಗಡಿಯಾರಕ್ಕೆ ಇದು ಹೆದರುವುದಿಲ್ಲ. ಏಳಕ್ಕೆ ಕರೆದರೂ ಹನ್ನೊಂದಕ್ಕೆ ಕರೆದರೂ ನೀವು ಒಂದೇ ಥರ ಕಾಣುತ್ತೀರಿ. ನಷ್ಟವೆಂದರೆ ತೂಕದಲ್ಲಿ ಒಂದು ಕಿಲೊ ಹೆಚ್ಚಿದ್ದರೆ ಇದು ಸಹಾಯ ಮಾಡುವುದಿಲ್ಲ. ತುಂಬ ಒಣ ಕಂಡೀಷನ್‌ನಲ್ಲಿ, ಅಂದರೆ ಕೊಬ್ಬನ್ನು ಚೆನ್ನಾಗಿ ಇಳಿಸಿಕೊಂಡು ಬಂದವನಿಗೆ ಸಿಗಬಹುದಾದ ಕೊನೆಯ ಹೊಳಪೂ ಇದರಲ್ಲಿ ಸಿಗದೆ ಹೋಗಬಹುದು.

ಎರಡನೆಯ ದಾರಿ: ಅನ್ನ ಹೆಚ್ಚು, ಉಪ್ಪು-ನೀರು ಜೊತೆಗೇ

ಹೆಚ್ಚಿನ ಅನುಭವಿ ಸ್ಪರ್ಧಿಗಳಿಗೆ ನಾನು ಹೇಳುವುದು ಇದನ್ನೇ. ಸ್ಪರ್ಧೆ ಭಾನುವಾರವಾದರೆ ಶುಕ್ರವಾರ, ಶನಿವಾರ ಅನ್ನ ಏರಿಸುತ್ತಾರೆ. ದೇಹದ ತೂಕದ ಪ್ರತಿ ಕಿಲೊಗೆ 5ರಿಂದ 8 ಗ್ರಾಂ ಕಾರ್ಬ್ (ಶರ್ಕರಪಿಷ್ಟ) ಎಂದರೆ 70 ಕಿಲೊ ಹುಡುಗನಿಗೆ 350ರಿಂದ 560 ಗ್ರಾಂ. ಸುಮಾರು 450ರಿಂದ 700 ಗ್ರಾಂ ಅಕ್ಕಿಯ ಅನ್ನ. ಮಂಗಳೂರು ಕಡೆಯವರು ಕುಚ್ಚಲಕ್ಕಿಯ ಮೇಲೆ ಎಷ್ಟೇ ಪ್ರೀತಿ ಇದ್ದರೂ ಆ ಎರಡು ದಿನ ಬೆಳ್ತಿಗೆ ಅಕ್ಕಿಗೆ ಬನ್ನಿ, ಹೊಟ್ಟೆ ಹಗುರ ಇರುತ್ತದೆ. ಕಾಳು, ಸೊಪ್ಪು, ಎಲೆಕೋಸು ಕಡಿಮೆ. ಉಪ್ಪು, ನೀರು ಎರಡೂ ಹಿಂದಿನಷ್ಟೇ ಇರಲಿ.

ಭಾನುವಾರ ಬೆಳಿಗ್ಗೆ ಎದ್ದ ಮೇಲೆ ಬಾಯಾರಿಕೆ ನೋಡಿಕೊಂಡು ಗುಟುಕು ಗುಟುಕಾಗಿ ಕುಡಿಯಿರಿ, ಒಮ್ಮೆಗೇ ಲೀಟರ್ ಸುರಿದುಕೊಳ್ಳಬೇಡಿ. ತೂಕ ಮುಗಿದ ಕೂಡಲೇ ಅನ್ನ, ಸ್ವಲ್ಪ ಉಪ್ಪು, ಅರ್ಧ ಲೀಟರ್ ನೀರು. ಸ್ಟೇಜಿಗೆ ಸುಮಾರು ಒಂದು ಗಂಟೆ ಮುಂಚೆ ಮತ್ತೊಂದು ಸಣ್ಣ ತುತ್ತು: ಅನ್ನವೋ ಅವಲಕ್ಕಿಯೋ, ಒಂದೆರಡು ಗ್ರಾಂ ಉಪ್ಪು, 300 ಮಿಲಿ ನೀರು. ಬಿಪಿ ಇಲ್ಲದ ಆರೋಗ್ಯವಂತನಿಗೆ ಆ ಉಪ್ಪು ರಕ್ತದ ಪ್ರಮಾಣವನ್ನು ಹಿಡಿದು ನಿಲ್ಲಿಸುತ್ತದೆ, ಪಂಪ್ ಬೇಗ ಏರುತ್ತದೆ. ಯೂಟ್ಯೂಬಿನವನು ಉಪ್ಪು ತಿನ್ನು ಅಂದದ್ದರಲ್ಲಿ ಅರ್ಥವಿದೆ. ನೀರನ್ನೂ ಅನ್ನವನ್ನೂ ಬಿಟ್ಟು ಬರೀ ಉಪ್ಪು ನೆಕ್ಕಿದರೆ ಮಾತ್ರ ಅರ್ಥವಿಲ್ಲ.

ಇಲ್ಲಿನ ಅಪಾಯ ಅನ್ನ ಅತಿಯಾಗುವುದು. ಸ್ನಾಯು ತುಂಬಿದ ಮೇಲೂ ತಿನ್ನುತ್ತಾ ಹೋದರೆ ಮೈ ಮಸುಕಾಗುತ್ತದೆ, ಹೊಟ್ಟೆ ಮುಂದೆ ಬರುತ್ತದೆ. ಅದಕ್ಕೇ ಶುಕ್ರವಾರ ಹೆಚ್ಚು ತಿಂದು ಶನಿವಾರ ಕನ್ನಡಿ ನೋಡಿ ಕೈ ಹಿಡಿಯುವುದು ಒಳ್ಳೆಯದು. ಶುಕ್ರವಾರದ ತಪ್ಪನ್ನು ಶನಿವಾರ ತಿದ್ದಬಹುದು, ಭಾನುವಾರದ್ದನ್ನು ತಿದ್ದಲು ಸಮಯವಿರುವುದಿಲ್ಲ.

ಮೂರನೆಯ ದಾರಿ: ನೀರು ತುಂಬಿ ಕಡಿಯುವುದು

ಇದು ಬಂದದ್ದು ಕುಸ್ತಿ, ಬಾಕ್ಸಿಂಗ್‌ನಂಥ ಹೋರಾಟದ ಆಟಗಳಿಂದ. ಅಲ್ಲಿ ಇದಕ್ಕೆ ಆಧಾರವೂ ಇದೆ. 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಂದು ಗುಂಪು ಮೂರು ದಿನ ಪ್ರತಿ ಕಿಲೊ ತೂಕಕ್ಕೆ 100 ಮಿಲಿ ನೀರು ಕುಡಿಯಿತು, ಇನ್ನೊಂದು 40 ಮಿಲಿ. ನಾಲ್ಕನೆಯ ದಿನ ಇಬ್ಬರಿಗೂ 15 ಮಿಲಿಗೆ ಇಳಿಸಿದರು. ಹೆಚ್ಚು ಕುಡಿದವರ ತೂಕ ಹೆಚ್ಚು ಇಳಿಯಿತು. ನೀರನ್ನು ಹಿಡಿದಿಡುವ ಹಾರ್ಮೋನ್ ಕುಗ್ಗಿ, ಕಡಿತದ ಮೇಲೂ ಸ್ವಲ್ಪ ಹೊತ್ತು ಮೂತ್ರ ಹರಿಯುತ್ತಲೇ ಇರುತ್ತದೆ.

ಆದರೆ ಹೋರಾಟಗಾರನಿಗೆ ತಕ್ಕಡಿಯ ಅಂಕಿ ಸಾಕು. ತೂಕ ಕೊಟ್ಟ ಮೇಲೆ ಅವನು ಕುಡಿದು ತಿಂದು ಚೇತರಿಸಿಕೊಳ್ಳುತ್ತಾನೆ, ಅವನ ಮೈಯ ಕಟ್ಸ್‌ಗೆ (ಸ್ನಾಯುಗಳ ಗೆರೆಗೆ) ಯಾರೂ ಅಂಕ ಕೊಡುವುದಿಲ್ಲ. ನಿಮ್ಮನ್ನು ಜಡ್ಜ್‌ಗಳು ನೋಡುವುದೇ ಮೈಯನ್ನು. ಅದಕ್ಕೇ ನನ್ನ ಲೆಕ್ಕದಲ್ಲಿ ಇದು ತೂಕದ ವಿಭಾಗದಲ್ಲಿ ಒಂದು ಕಿಲೊ ಆಚೆ ಇರುವ, ತೂಕದ ನಂತರ ಐದಾರು ಗಂಟೆ ಕೈಯಲ್ಲಿರುವ, ಹಿಂದೆ ಮಾಡಿ ನೋಡಿರುವ ಸ್ಪರ್ಧಿಗೆ ಮಾತ್ರ. ಅವನೂ ಉಪ್ಪು ಬಿಡಬಾರದು. 70 ಕಿಲೊಗೆ 100 ಮಿಲಿ ಲೆಕ್ಕದಲ್ಲಿ 7 ಲೀಟರ್ ಆಗುತ್ತದೆ. ಮೂತ್ರಪಿಂಡ ಗಂಟೆಗೆ ಹೊರಹಾಕಬಲ್ಲದ್ದು ಹೆಚ್ಚೆಂದರೆ ಒಂದು ಲೀಟರ್‌ನ ಆಸುಪಾಸು, ಉಪ್ಪು ಬಿಟ್ಟವನಲ್ಲಿ ಅದಕ್ಕಿಂತಲೂ ಕಡಿಮೆ. ಬೇಗ ಬೇಗ ಕುಡಿದು ಉಪ್ಪನ್ನೂ ಬಿಟ್ಟರೆ ರಕ್ತದ ಸೋಡಿಯಂ ಲೀಟರಿಗೆ 135 ಮಿಲಿಮೋಲ್ ಎಂಬ ಸಾಮಾನ್ಯ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿಯಬಹುದು. ತಲೆನೋವು, ವಾಕರಿಕೆಯಿಂದ ಶುರುವಾಗಿ ಗೊಂದಲ, ಫಿಟ್ಸ್‌ವರೆಗೂ ಹೋಗಬಹುದು. ಆ ಹೊತ್ತಿನಲ್ಲಿ “ಡೀಹೈಡ್ರೇಷನ್ ಆಗಿದೆ” ಎಂದು ಯಾರಾದರೂ ಇನ್ನೊಂದು ಬಾಟಲಿ ನೀರು ಕುಡಿಸಿದರೆ ಜೀವಕ್ಕೇ ಕುತ್ತು.

ಬದುಕಿನ ಲೆಕ್ಕವನ್ನೂ ಹಾಕಿ. ಕಲ್ಯಾಣದಿಂದ ಸಿಎಸ್‌ಎಂಟಿಗೆ ಲೋಕಲ್ ಹತ್ತಿದರೆ ಗಂಟೆಗೂ ಮಿಕ್ಕಿ ದಾರಿ, ಲೋಕಲ್‌ನಲ್ಲಿ ಶೌಚಾಲಯ ಇಲ್ಲ. ಗೇಟ್ ಬಿಟ್ಟು ಕದಲದ ಸೆಕ್ಯುರಿಟಿ ಡ್ಯೂಟಿ, ರಾತ್ರಿ ನಾಲ್ಕೈದು ಸಲ ಏಳುವುದರಿಂದ ಕೆಡುವ ನಿದ್ದೆ. ರಜೆ ಸಿಗದ ವಾರದಲ್ಲಿ 7 ಲೀಟರ್ ಪ್ಲಾನ್ ಹಿಡಿಯುವುದು ಬೇಡ.

ನಾಲ್ಕನೆಯ ದಾರಿ: ಉಪ್ಪು ಬಿಡುವುದು

ಹಳೆಯ ವ್ಯಾಯಾಮಶಾಲೆಗಳಲ್ಲಿ ಈಗಲೂ ಗಟ್ಟಿಯಾಗಿ ನಂಬುವ ದಾರಿ ಇದು. ಬೇಯಿಸಿದ ಕೋಳಿ, ಸಪ್ಪೆ ಅನ್ನ, ಕೊನೆಗೆ ನೀರೂ ಇಲ್ಲ. ಹೇಳಿಕೊಡುವವರ ಕಾಳಜಿ ನಿಜವಾದದ್ದು. ಅವರೂ ಹೀಗೇ ಮಾಡಿ ಬಂದವರು, ಕೆಲವರು ಟೈಟಲ್ ಗೆದ್ದವರು. ಅವರು ಗೆದ್ದದ್ದು ಕಂಡೀಷನ್ ಮತ್ತು ಸ್ನಾಯುವಿನ ಬಲದಿಂದ ಎಂದು ನನ್ನ ನಂಬಿಕೆ. ಉಪ್ಪು ಇದ್ದಿದ್ದರೆ ಇನ್ನೂ ತುಂಬಿಕೊಂಡು ಕಾಣುತ್ತಿದ್ದರು.

ಮೈದಾನದ ಹಿಂದೆ, ಸ್ಪರ್ಧಿಗಳು ಸ್ನಾಯು ಉಬ್ಬಿಸಿಕೊಳ್ಳುವ ಪಂಪ್ ರೂಮಿನಲ್ಲಿ ಕಂಡ ಒಬ್ಬ ಹುಡುಗ ಇನ್ನೂ ಕಣ್ಣಮುಂದಿದ್ದಾನೆ. 60 ಕಿಲೊ ಗುಂಪು. ವಾರವಿಡೀ ಉಪ್ಪು ಮುಟ್ಟಿರಲಿಲ್ಲ, ಹಿಂದಿನ ರಾತ್ರಿಯಿಂದ ನೀರೂ ಇಲ್ಲ. ನೀಲಿ ತಾಡಪಾಲಿನ ಮೇಲೆ ಬೆನ್ನು ಹಚ್ಚಿ ಮಲಗಿದ್ದ, ಸ್ಟೇಜಿಗೆಂದು ಮೈಗೆ ಬಳಿದ ಟ್ಯಾನ್ ಬಣ್ಣ ಬೆನ್ನಿನ ಆಕಾರಕ್ಕೇ ತಾಡಪಾಲಿಗೆ ಅಂಟಿತ್ತು. ಎಡಗಾಲ ಮೀನಖಂಡ ಕಲ್ಲಿನ ಗಂಟಾಗಿತ್ತು. ಗೆಳೆಯ ಮಂಡಿಯೂರಿ ಅವನ ಕಾಲ್ಬೆರಳನ್ನು ಮೊಣಕಾಲ ಕಡೆ ಒತ್ತುತ್ತಿದ್ದ, ಇವನ ಕೈಯಲ್ಲಿ ಇನ್ನೂ ರಬ್ಬರ್ ಬ್ಯಾಂಡ್ ಹಾಗೇ ಇತ್ತು. ಗುಂಪು ಕರೆದರು. ಹೋದ. ಸೈಡ್ ಚೆಸ್ಟ್ ಪೋಸ್‌ನಲ್ಲಿ ಮೀನಖಂಡ ಬಿಗಿಹಿಡಿಯಲು ಆಗದೆ ತೊಡೆ ನಡುಗುತ್ತಿತ್ತು. ಮೊದಲ ಐವರಲ್ಲಿ ಬರಲಿಲ್ಲ. ಆಮೇಲೆ ಉಪ್ಪು ಹಾಕಿದ ನಿಂಬೆ ಶರಬತ್ತು ಕುಡಿದು ಎರಡು ವಡಾಪಾವ್ ತಿಂದ. ಒಂದು ಗಂಟೆ ಕಳೆದು ಬಟ್ಟೆ ಹಾಕಿಕೊಳ್ಳುವಾಗ ಭುಜದ ಮೇಲೆ ನರ ಹಗ್ಗದಂತೆ ಎದ್ದಿತ್ತು, ತೋಳು ತುಂಬಿತ್ತು. ಜಡ್ಜ್‌ಗಳು ನೋಡಬೇಕಾಗಿದ್ದ ಮೈ ಅದು. ಸ್ಪರ್ಧೆಯ ಮರುದಿನ ಬೆಳಿಗ್ಗೆ ಕನ್ನಡಿಯಲ್ಲಿ ಚೆನ್ನಾಗಿ ಕಾಣುವ ಅನುಭವ ನಿಮಗೂ ಆಗಿದ್ದರೆ, ನೀವೂ ಈ ದಾರಿಯಲ್ಲಿ ಬಂದವರೇ ಇರಬೇಕು.

ಈ ದಾರಿಗೆ ಗಡಿಯಾರದ ಪರೀಕ್ಷೆಯಲ್ಲೂ ಸೋಲು. ನೀರಿಲ್ಲದೆ ಏಳು ಗಂಟೆಗೆ ಲೆಕ್ಕ ಹಾಕಿದವನು ಹತ್ತೂವರೆಯವರೆಗೆ ಏಪ್ರಿಲ್‌ನ ಮುಂಬೈ ಸೆಕೆಯಲ್ಲಿ ಬೆವರುತ್ತಾ ಕೂರಬೇಕು. ಪುಣೆಯಲ್ಲಿ ಗಾಳಿ ಒಣ, ಬೆವರು ಆರಿಹೋಗುವುದರಿಂದ ಎಷ್ಟು ಕಳೆದುಕೊಂಡಿರಿ ಎಂಬುದೇ ತಿಳಿಯುವುದಿಲ್ಲ. 70 ಕಿಲೊ ಮೈಗೆ 1.4 ಕಿಲೊ ಹೋದರೆ ಶೇಕಡ 2. ಅಷ್ಟಕ್ಕೇ ದಣಿವು ಶುರುವಾಗಬಹುದು, ಪೋಸ್ ಹಿಡಿಯುವುದೂ ಕೆಲಸವೇ ಅಲ್ಲವೇ? ಇದರ ಮೇಲೆ ಬಿಸಿನೀರ ಸ್ನಾನ, ಸ್ಟೀಮ್, ಪ್ಲಾಸ್ಟಿಕ್ ಜಾಕೆಟ್ ಸೇರಿಸುವವರಿಗೆ ನಾನು ಕೈಮುಗಿದು ಬೇಡ ಅನ್ನುತ್ತೇನೆ.

ಉಪ್ಪಿಗೆ ಬದಲು ‘ಲೋ ಸೋಡಿಯಂ’ ಉಪ್ಪು ಬಳಸುವವರು ಪ್ಯಾಕೆಟ್ ಓದಿ. ಅದರಲ್ಲಿ ಸೋಡಿಯಂ ಕಡಿಮೆ ಮಾಡಿದ ಜಾಗಕ್ಕೆ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಹೃದಯದ ಬಡಿತವನ್ನೇ ಕೆಡಿಸಬಹುದು. ಬಾಳೆಹಣ್ಣು, ಎಳನೀರು ಒಳ್ಳೆಯ ಆಹಾರವೇ. ಆದರೆ ಎಳನೀರಿನಲ್ಲಿ ಹೆಚ್ಚು ಇರುವುದು ಪೊಟ್ಯಾಸಿಯಂ, ಉಪ್ಪಿಲ್ಲದೆ ಸೊರಗಿದ ಮೈಗೆ ಅದೊಂದೇ ಸಾಲದು.

ಮಾತ್ರೆ

ಫ್ಯುರೋಸೆಮೈಡ್, ಸ್ಪೈರೊನೊಲ್ಯಾಕ್ಟೋನ್ ಎಂಬ ನೀರಿಳಿಸುವ ಮಾತ್ರೆಗಳು ಜಿಮ್ಮಿನ ಲಾಕರ್‌ಗಳಲ್ಲಿ ಕೈಯಿಂದ ಕೈಗೆ ಹೋಗುವುದು ಗುಟ್ಟೇನಲ್ಲ. ಮೊದಲನೆಯದು ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡನ್ನೂ ಹರಿಸಿಬಿಡುತ್ತದೆ. ಎರಡನೆಯದು ಪೊಟ್ಯಾಸಿಯಂ ಅನ್ನು ಹಿಡಿದಿಡುತ್ತದೆ. ಅದರ ಮೇಲೆ ಲೋ ಸೋಡಿಯಂ ಉಪ್ಪು, ಪೊಟ್ಯಾಸಿಯಂ ಗುಳಿಗೆ ಸೇರಿದರೆ ಹೃದಯ ನಿಲ್ಲಬಹುದು. 1992ರಲ್ಲಿ ಮೊಹಮ್ಮದ್ ಬೆನಜೀಜಾ ಹಾಲೆಂಡಿನ ಸ್ಪರ್ಧೆಯ ಬೆನ್ನಿಗೇ ತೀರಿಕೊಂಡರು. 1996ರಲ್ಲಿ ಆಸ್ಟ್ರಿಯಾದ ಆಂಡ್ರಿಯಾಸ್ ಮುಂಜರ್ ಅಂಗಾಂಗಗಳು ಒಂದೊಂದಾಗಿ ಸೋತು ತೀರಿಕೊಂಡರು. ಇಬ್ಬರೂ ಜಗತ್ತಿನ ಮೇಲ್ಮಟ್ಟದ ಸ್ಟೇಜ್ ಕಂಡವರು, ಇಬ್ಬರ ಸಾವಿನ ಹಿಂದೆಯೂ ನೀರಿಳಿಸುವ ಮಾತ್ರೆಯ ಹೆಸರು ಕೇಳಿಬಂತು. ಜಾಗತಿಕ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ಪಟ್ಟಿಯಲ್ಲಿ ಈ ಮಾತ್ರೆಗಳು ವರ್ಷವಿಡೀ ನಿಷಿದ್ಧ, ಭಾರತದ ಅಂಥದೇ ಸಂಸ್ಥೆ ನಾಡಾದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ನಿಷೇಧವೂ ಖಚಿತ ಎಂದೇ ತಿಳಿಯಿರಿ. ಇದನ್ನು ನಾನು ಯಾರ ಅಗತ್ಯಕ್ಕೂ, ಯಾವ ಬಜೆಟ್‌ಗೂ ತೂಗಿ ನೋಡುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಮೊದಲ ಸಲ ಸ್ಟೇಜ್ ಏರುವವರು ಒಂದನೆಯ ದಾರಿ ಹಿಡಿಯಿರಿ, ಎರಡು ಮಾತಿಲ್ಲ. ನಿಮಗೆ ಇನ್ನೂ ಗೊತ್ತಿಲ್ಲದ ಸಂಗತಿಗಳು ಬೇಕಾದಷ್ಟಿವೆ: ಟ್ಯಾನ್, ಪೋಸಿಂಗ್, ಲೈನ್‌ಅಪ್, ಹೆದರಿಕೆ. ಮೈಯನ್ನಾದರೂ ಗೊತ್ತಿರುವ ಸ್ಥಿತಿಯಲ್ಲಿಡಿ. ಮೆನ್ಸ್ ಫಿಸಿಕ್‌ನವರೂ ಇದನ್ನೇ ಹಿಡಿದು, ಸ್ಟೇಜಿಗೆ ಒಂದು ಗಂಟೆ ಮುಂಚಿನ ಅನ್ನ-ಉಪ್ಪು-ನೀರಿನ ತುತ್ತನ್ನು ಎರಡನೆಯದರಿಂದ ತೆಗೆದುಕೊಂಡರೆ ಸಾಕು.

ಎರಡು-ಮೂರು ಸ್ಪರ್ಧೆ ಕಂಡವರು, ತೊಡೆಯ ಹಿಂಭಾಗದಲ್ಲೂ ಗೆರೆ ಮೂಡಿರುವವರು ಎರಡನೆಯದಕ್ಕೆ ಹೋಗಿ. ಆದರೆ ಒಮ್ಮೆ ತಾಲೀಮು ಮಾಡಿ. ಸ್ಪರ್ಧೆಗೆ ಮೂರು-ನಾಲ್ಕು ವಾರ ಮುಂಚಿನ ಭಾನುವಾರವನ್ನೇ ಸ್ಪರ್ಧೆಯ ದಿನ ಎಂದುಕೊಳ್ಳಿ. ಶುಕ್ರ, ಶನಿ ಅದೇ ಅನ್ನ, ಅದೇ ಉಪ್ಪು. ಭಾನುವಾರ ಗಂಟೆಗೊಮ್ಮೆ ಅದೇ ಗೋಡೆ, ಅದೇ ಬಲ್ಬು, ಅದೇ ಫೋನಿನಲ್ಲಿ ಫೋಟೊ ತೆಗೆದು ತೂಕ ಬರೆದಿಡಿ. ತಿಂದ ಎಷ್ಟು ಗಂಟೆಗೆ ನೀವು ತುಂಬಿಕೊಂಡು ಕಾಣುತ್ತೀರಿ ಎಂಬುದು ಅಲ್ಲೇ ಸಿಗುತ್ತದೆ. ಅದು ಒಬ್ಬೊಬ್ಬರಿಗೆ ಒಂದೊಂದು ಥರ, ಯಾರ ಚಾರ್ಟ್‌ನಲ್ಲೂ ಇರುವುದಿಲ್ಲ.

ತೂಕದ ಗೆರೆಯ ಮೇಲೆ ನಿಂತವರು ಮೊದಲು ಮೇಲಿನ ಗುಂಪಿನಲ್ಲಿ ನಿಲ್ಲಬಹುದೇ ಎಂದು ಯೋಚಿಸಿ. 65ರಲ್ಲಿ ಸೊರಗಿ ಆರನೆಯವನಾಗುವುದಕ್ಕಿಂತ 70ರಲ್ಲಿ ತುಂಬಿಕೊಂಡು ನಿಂತರೆ ಒಳ್ಳೆಯದಾಗುವ ಸಂದರ್ಭಗಳೂ ಇವೆ. ಅರ್ಧ ಕಿಲೊ ಮಾತ್ರ ಹೆಚ್ಚಿದ್ದರೆ ಎರಡು ದಿನ ನಾರು ಕಡಿಮೆ ಮಾಡಿ, ತೂಕದ ದಿನ ಬೆಳಿಗ್ಗೆ ನೀರನ್ನು ಗುಟುಕಿಗೆ ಇಳಿಸಿದರೆ ಎಷ್ಟೋ ಸಲ ಸಾಕಾಗುತ್ತದೆ. ಅದೂ ಆಗದಿದ್ದಾಗ ಮೂರನೆಯದು.

ಹೆಣ್ಣುಮಕ್ಕಳಿಗೆ ಇನ್ನೊಂದು ಲೆಕ್ಕವಿದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಮೈ ನೀರು ಹಿಡಿಯುವುದು ಸಹಜ. ಆ ಒಂದೆರಡು ಕಿಲೊ ನೋಡಿ ಗಾಬರಿಯಾಗಿ ಉಪ್ಪು ಬಿಡಬೇಡಿ, ಹಿಂದಿನ ತಿಂಗಳ ಅದೇ ದಿನದ ತೂಕದ ಜೊತೆ ಹೋಲಿಸಿ. ಬಿಪಿ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ಯಾವ ಹೊಂದಾಣಿಕೆಗೂ ಮುಂಚೆ ತಮ್ಮ ವೈದ್ಯರಿಗೆ ಸ್ಪರ್ಧೆಯ ವಿಷಯ ಬಿಡಿಸಿ ಹೇಳಬೇಕು. ಸ್ಟೇಜಿಗೆ ಮುಂಚಿನ ಉಪ್ಪಿನ ತುತ್ತು ಅವರಿಗಲ್ಲ.

ಖರ್ಚಿನ ಮಾತು. ಕೊನೆಯ ವಾರಕ್ಕೆಂದೇ ಕೋಚ್‌ಗೆ ಸಾವಿರಾರು ರೂಪಾಯಿ ಕೊಡುವವರಿದ್ದಾರೆ. ನಿಮ್ಮನ್ನು ಮೂರು ತಿಂಗಳು ನೋಡಿರುವ ಕೋಚ್ ಆದರೆ ಕೊಡಿ. ಕೊನೆಯ ವಾರ ವಾಟ್ಸಾಪಿನಲ್ಲಿ ಎಲ್ಲರಿಗೂ ಒಂದೇ ಚಾರ್ಟ್ ಕಳಿಸುವವರಿಗೆ ಕೊಡುವ ಹಣದಲ್ಲಿ ಒಂದು ಅಡುಗೆ ತಕ್ಕಡಿ, ಎರಡು ವಾರದ ಅಕ್ಕಿ-ಕೋಳಿ, ಜೊತೆಗೆ ಸೋಡಿಯಂ, ಪೊಟ್ಯಾಸಿಯಂ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯೇಟಿನಿನ್ ರಕ್ತ ಪರೀಕ್ಷೆ ಆಗುತ್ತದೆ. ಪರೀಕ್ಷೆಯನ್ನು ತಾಲೀಮಿನ ವಾರದಲ್ಲೇ ಮಾಡಿಸಿ, ವರದಿ ಸರಿಯಿಲ್ಲದಿದ್ದರೆ ಬದಲಿಸಲು ಸಮಯವಿರುತ್ತದೆ.

ಜೊತೆಗೆ ಬರುವ ಗೆಳೆಯನಿಗೆ ಇಷ್ಟನ್ನು ಹೇಳಿಟ್ಟಿರಿ: ಎದೆ ಬಡಿತ ತಪ್ಪುವುದು, ಮಾತು ತಡವರಿಸುವುದು, ತಲೆ ಸುತ್ತಿ ಬೀಳುವುದು, ಎಂಟು ತಾಸು ಕಳೆದರೂ ಮೂತ್ರ ಬಾರದಿರುವುದು, ಬಿಡದ ಸೆಳೆತ, ಕೈಕಾಲು ಸೋಲು. ಇವುಗಳಲ್ಲಿ ಯಾವುದು ಕಂಡರೂ ಗುಂಪು ಕರೆಯುವವರೆಗೆ ಕಾಯದೆ 108ಕ್ಕೆ ಕರೆ ಮಾಡಬೇಕು, ಮಹಾರಾಷ್ಟ್ರದಲ್ಲೂ ಗೋವಾದಲ್ಲೂ ಅದೇ ನಂಬರ್. ಏನೇನು ತೆಗೆದುಕೊಂಡಿದ್ದೀರಿ ಎಂಬುದನ್ನು ವೈದ್ಯರಿಂದ ಮುಚ್ಚಿಡಬಾರದು.

ಸ್ಟೇಜ್ ಇಳಿದ ಮೇಲಿನ ರಾತ್ರಿಗೂ ಪ್ಲಾನ್ ಬೇಕು. ಉಪ್ಪು, ನೀರು ಕಡಿದಿದ್ದವರ ಮೈಯಲ್ಲಿ ಆಲ್ಡೋಸ್ಟೆರಾನ್ ಇನ್ನೂ ಏರಿಯೇ ಇರುತ್ತದೆ. ಆಗ ಪಾವ್‌ಭಾಜಿ, ಬಿರಿಯಾನಿ, ಮೂರು ಲೀಟರ್ ನೀರು ಒಟ್ಟಿಗೆ ಹೋದರೆ ಬೆಳಿಗ್ಗೆ ಕಾಲಿನ ಗಂಟು ಕಾಣದಷ್ಟು ಪಾದ ಊದುತ್ತದೆ, ಎರಡು-ಮೂರು ದಿನ ಚಪ್ಪಲಿ ಬಿಗಿಯಾಗುತ್ತದೆ. ಮೊದಲ ಗಂಟೆ ಅರ್ಧ ಲೀಟರ್‌ನಷ್ಟು ನೀರು ಅಥವಾ ಓಆರ್‌ಎಸ್ ಗುಟುಕಾಗಿ, ಆಮೇಲೆ ಮನೆಯ ಊಟದಂಥ ಊಟ. ಸೋಮವಾರದಿಂದ ನಾಲ್ಕು ದಿನ ಮತ್ತೆ ಅದೇ ತೂಗಿಟ್ಟ ಉಪ್ಪು, ಅದೇ 3ರಿಂದ 4 ಲೀಟರ್ ನೀರು. ಊತ ಗುರುವಾರಕ್ಕೂ ಇಳಿಯದಿದ್ದರೆ, ಅಥವಾ ಮಲಗಿದಾಗ ಉಸಿರು ಕಟ್ಟಿದಂತಾದರೆ ತಡಮಾಡದೆ ವೈದ್ಯರನ್ನು ಕಾಣಿ.